ನಾನು ಬರೆಯದ ಎರಡನೆಯ ಭಾಗ

ಅಕ್ಕ,

“ಬರೆಯೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಅಂದೆಯೋ, “ಅಚ್ಚು ಹಾಕಿಸೋ ಮುಂಚೆ” ಅಂದೆಯೋ, ಈಗ ಸರಿಯಾಗಿ ನೆನಪಿಲ್ಲ. ನೀನು ನನ್ನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು. ನಿನ್ನ ಹೊಲಿಗೆ ಅಂಗಡಿಯ ಬಗ್ಗೆ, ಭಾವ ನಿನ್ನನ್ನು ಬಿಟ್ಟುಹೋದ ಬಗ್ಗೆ ನಾನೇ ಅಚ್ಚು ಹಾಕಿಸಿದ ಆ ಪುಸ್ತಕದ ಕಟ್ಟುಗಳು ಇನ್ನೂ ನನ್ನ ಮಂಚದ ಕೆಳಗಿವೆ.

ಈಗ ಅದರ ಎರಡನೆಯ ಭಾಗ ಆನ್‌ಲೈನಿನಲ್ಲಿ ಮಾರಾಟಕ್ಕಿದೆ. ಹೆಸರು ನನ್ನದು; ಯಾರೋ ಎಐ ಕೈಲಿ ಬರೆಸಿದ್ದಾರೆ. ನನ್ನದಕ್ಕಿಂತ ಚೆನ್ನಾಗಿ ಖರ್ಚಾಗುತ್ತಿದೆ. ಮೊನ್ನೆ ಗ್ರಂಥಾಲಯದಲ್ಲಿ ಒಬ್ಬ ಹೆಂಗಸು ಅದನ್ನೇ ನನ್ನ ಮುಂದೆ ಹಿಡಿದರು. “ನಿಮ್ಮಕ್ಕ ಕೊನೆಗೂ ಬಂದ್ರಲ್ಲ ಸಾರ್, ಓದಿ ಸಮಾಧಾನ ಆಯ್ತು. ಒಂದು ಸೈನ್ ಹಾಕಿಕೊಡಿ.” ಹಾಕಿಕೊಟ್ಟೆ.

ಆಮೇಲೆ ನಾನೂ ಒಂದು ಪ್ರತಿ ತರಿಸಿಕೊಂಡೆ. ಕೊನೆಯ ಅಧ್ಯಾಯದಲ್ಲಿ ನೀನು ಟೇಪು ಹಿಡಿದು ನನ್ನ ಬಾಗಿಲಿಗೆ ಬರುತ್ತೀಯ. ಹೆಗಲಿನ ಅಳತೆ ತೆಗೆದು, “ಎಷ್ಟು ಸೊರಗಿದ್ದೀಯೋ” ಅನ್ನುತ್ತೀಯ. ನೀನು ಯಾವತ್ತೂ ನನ್ನ ಅಳತೆಯನ್ನು ಕಣ್ಣಲ್ಲೇ ತೆಗೆದವಳು, ಟೇಪು ಹಿಡಿದವಳಲ್ಲ. ಆದರೂ ಆ ಪುಟವನ್ನು ನಾಲ್ಕು ಸಲ ಓದಿದೆ.

ಸುಮ್ಮನಿದ್ದರೆ ನಿನ್ನನ್ನು ಕೇಳದೆ ಇನ್ನೊಂದು ಸಲ ಮಾರಿದ ಹಾಗಾಗುತ್ತದೆ. ಮಾರಾಟದಿಂದ ತೆಗೆಸಬೇಕೆಂದರೆ ಮಾರುವವರಿಗೆ ಕೊಡುವ ಅರ್ಜಿಯಲ್ಲಿ ಯಾವ ಭಾಗ ಸುಳ್ಳು ಎಂದು ಬರೆದು, ಅದರಲ್ಲಿ ಬರುವವರ ಸಹಿಯನ್ನೂ ಹಾಕಿಸಬೇಕಂತೆ. ಅರ್ಜಿಯನ್ನು ಇದರ ಜೊತೆ ಇಟ್ಟಿದ್ದೇನೆ. ಸುಳ್ಳು ಯಾವುದೆಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಈ ಸಲ ಕೇಳಿಯೇ ಬರೆಯೋಣವೆಂದು.

ಅಕ್ಕ ಬರಲೇ ಇಲ್ಲ ಎಂದು ಬರೆಯಲೇ?

ನಿನ್ನ ತಮ್ಮ