ತಾಳ ನಿಲ್ಲದ ಏಳು ದಿನ

ಶಿರಾಲಿ
೨೦ ಜನವರಿ ೨೦೨೫

ಪ್ರೀತಿಯ ಗಂಗಾ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಅಪ್ಪನ ಹನ್ನೆರಡನೆಯ ದಿನದ ಊಟವಾಗಿ ತಿಂಗಳ ಮೇಲಾಯಿತು, ಒಂದು ಸಾಲೂ ಬರೆಯಲಿಲ್ಲ, ಬೈಯಬೇಡ. ಮೂರು ಸಲ ಫೋನು ಹಚ್ಚಿ, ನೀನು ಎತ್ತುವ ಮೊದಲೇ ಕಟ್ ಮಾಡಿದೆ. ಕುಮಟಾ ಎಷ್ಟು ದೂರ ಹೇಳು? ಆದರೂ ನಿನ್ನ ಎದುರು ಬಂದು ಕೂರುವ ಧೈರ್ಯ ಬರಲಿಲ್ಲ.

ಇಲ್ಲಿ ಬಂಗಡೆ ಈ ಸಲ ಕಮ್ಮಿ. ನಿನ್ನ ತಮ್ಮ ವಿನೋದ ಬೋಟಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಬಲೆ ಇಡುವ ಕೊಟ್ಟಿಗೆಯಲ್ಲಿ ದಿನವಿಡೀ ಕೂತು ಹರಿಯದ ಬಲೆಯನ್ನೂ ಹೊಲಿಯುತ್ತಾನೆ. ಮೊನ್ನೆ ಗಂಜಿ ಕೊಡಲು ಹೋದರೆ, "ಅಕ್ಕ ನನ್ ಮುಖ ನೋಡುದಿಲ್ಲ. ಎಂತಕೆ ನೋಡ್ಬೇಕು, ಅಪ್ಪನ ಕೊಂದವ ನಾನಲ್ವ?" ಅಂದ. ಆ ಮಾತು ಅವತ್ತು ಊಟದೆಲೆಯ ಮುಂದೆ ನೀನೇ ಅವನಿಗೆ ಹೇಳಿದ್ದು. ನಾನೂ ಅಲ್ಲೇ ಬಡಿಸುತ್ತಿದ್ದೆ.

ಭಜನಾ ಸಪ್ತಾಹಕ್ಕೆ ನೀನು ಬಂದಿರಲಿಲ್ಲ, ಹಾಗಾಗಿ ನಡೆದದ್ದು ಹೇಳುತ್ತೇನೆ. ಏಳು ದಿನ ತಾಳ ನಿಲ್ಲಬಾರದು, ನೆಲ ಮುಟ್ಟಬಾರದು, ಕೈಯಿಂದ ಕೈಗೇ ಹೋಗಬೇಕು. ಈ ಸಲ ಊರೆಲ್ಲ ಕೆಮ್ಮು, ಜ್ವರ. ಆಶಾ ಕಾರ್ಯಕರ್ತೆ ನಾನು, ಸುಮ್ಮನೆ ಕೂರಲಾದೀತೆ? ಬಾಗಿಲಲ್ಲಿ ನೀರು, ಸಾಬೂನು ಇಟ್ಟೆ. ತಾಳ ಹಿಡಿಯುವ ಮೊದಲು ಕೈ ತೊಳೆಯಿರಿ, ಕೆಮ್ಮಿದ್ದವರು ಮನೆಯಲ್ಲೇ ಇರಿ ಅಂದೆ. ಸೋಮಿ ದೊಡ್ಡಮ್ಮ, "ಎಂತ ಮಾರಾಯ್ತಿ, ದೇವ್ರಿಗೂ ಸಾಬೂನು ಹಚ್ತ್ಯ?" ಎಂದು ನಗಾಡಿದಳು. ನಗಾಡುತ್ತಲೇ ಕೈ ತೊಳೆದಳು. ಮೂರನೇ ದಿನ ವಿನೋದ ಕೆಮ್ಮುತ್ತ ಬಂದ. ಎಲ್ಲರೆದುರು ತಡೆದೆ. "ಆತು, ನಾ ಹೋತೆ," ಎಂದು ತಿರುಗಿ ಹೋದ. ಅವನ ಪಾಳಿಯನ್ನೂ ನಿನ್ನ ಅಪ್ಪನೇ ಹಿಡಿದರು, ಎಪ್ಪತ್ತೆರಡರ ಜೀವ. ಸಪ್ತಾಹ ಮುಗಿದ ಮೂರನೇ ದಿನ ಅವರಿಗೆ ಜ್ವರ, ಆಮೇಲೆ ಉಬ್ಬಸ, ಆಸ್ಪತ್ರೆಯಲ್ಲಿ ಐದೇ ದಿನ. ಕೆಮ್ಮು ಇದ್ದದ್ದು ಮಗನಿಗೆ, ಇಬ್ಬರದೂ ಒಂದೇ ಮನೆ, ಇನ್ನೇನು ಬೇಕು ಎಂದು ಊರು ಮಾತಾಡಿತು.

ಒಂದೇ ಮನೆಯಲ್ಲಿ ಇರಲಿಲ್ಲ ಗಂಗಾ. ಕೆಮ್ಮು ಹಿಡಿದ ಆ ಮೂರನೇ ದಿನದಿಂದಲೇ ಅವನು ಆ ಕೊಟ್ಟಿಗೆಯಲ್ಲೇ ಉಂಡು ಮಲಗಿದ, ಅಪ್ಪನ ಹತ್ತಿರ ಸುಳಿಯಲಿಲ್ಲ. ಪಕ್ಕದ ನಮ್ಮ ಮನೆಯಿಂದ ಊಟ ಒಯ್ದು ಬಾಗಿಲಲ್ಲಿ ಇಡುತ್ತಿದ್ದವಳು ನಾನು. ಇದನ್ನು ಅವತ್ತೇ ಹೇಳಬೇಕಿತ್ತು.

ತಮ್ಮನ ಹತ್ತಿರ ಮಾತಾಡು. ಸಣ್ಣವಳಿಗೆ ನನ್ನ ಮುತ್ತು ಕೊಡು. ದೇವಿ ನಿಮ್ಮ ಮನೆಯನ್ನು ತಣ್ಣಗೆ ಇಟ್ಟಿರಲಿ.

ನಿನ್ನ
ಜಯಂತಿ

ತಾ.ಕ.: ಸಪ್ತಾಹದ ಐದನೇ ದಿನದಿಂದ ನನಗೂ ಗಂಟಲು ಕೆರೆತ, ಮೈ ಬಿಸಿ ಇತ್ತು. ಅವನನ್ನು ಎಲ್ಲರೆದುರು ತಡೆದವಳು ನನಗೂ ಬಂದಿದೆ ಎಂದು ಹೇಗೆ ಹೇಳಲಿ? ನಾಚಿಕೆಯಾಯಿತು. ಮಧ್ಯಾಹ್ನದ ಪಾಳಿಗೆ ಬೇರೆ ಜನವಿಲ್ಲ, ತಾಳ ನಿಂತೀತು ಎಂದು ನನಗೆ ನಾನೇ ಹೇಳಿಕೊಂಡೆ. ಕೈಯೇನೋ ತೊಳೆದೆ. ಬಾಯಿಗೆ ಬಟ್ಟೆ ಕಟ್ಟಿದರೆ ಗೊತ್ತಾಗುತ್ತದೆ ಎಂದು ಕಟ್ಟಲಿಲ್ಲ. ಮೂರು ದಿನ ನಿನ್ನ ಅಪ್ಪನ ಮಗ್ಗುಲಲ್ಲೇ ಕೂತು ಹಾಡಿದೆ. ಕೆಮ್ಮು ಬಂದಾಗ ಅವರೇ ನನ್ನ ಬೆನ್ನು ಸವರಿ, "ನೀರ್ ಕುಡಿ ಮಗಾ," ಅಂದರು. ಇವತ್ತು ಬೆಳಿಗ್ಗೆ ವಿನೋದನಿಗೆ ಇದನ್ನೆಲ್ಲ ಹೇಳಿದೆ. ಅವನು ನಂಬಲಿಲ್ಲ. "ನನ್ ಸಮಾಧಾನಕ್ಕೆ ಸುಳ್ ಹೇಳ್ಬೇಡ ಜಯಂತಕ್ಕ," ಅಂದ. ನೀನು ಹೇಳಿದರೆ ನಂಬಿಯಾನು.