ಹೋದ ವರ್ಷದ ನೀರು

9 ಏಪ್ರಿಲ್ 1934, ಬಾಣಾವರ

ಬೆಳಿಗ್ಗೆ ಸೈಕಲ್ಲಿನಲ್ಲಿ ಕಲ್ಲುಕೊಪ್ಪಲಿಗೆ. ನಾರುಹುಣ್ಣಿನ ಸರ್ವೆ, ಮೂರನೇ ದಿನ. ಕಾಲಿನ ಹುಣ್ಣಿನಿಂದ ಬಿಳಿ ದಾರದಂಥ ಹುಳು. ಅದನ್ನು ಕಡ್ಡಿಗೆ ಸುತ್ತಿಕೊಂಡು ಜನ ಜಗಲಿಗಳಲ್ಲಿ ಕೂತಿದ್ದಾರೆ. ಅರ್ಧ ಊರು ಹೊಲಕ್ಕೆ ಹೋಗಿಲ್ಲ.

ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುವ ಮನೆ ನಲವತ್ತೊಂದು — ಹುಣ್ಣು ಇಪ್ಪತ್ತಾರರಲ್ಲಿ. ಹಗ್ಗ ಬಿಟ್ಟು ಸೇದುವ ಬಾವಿಯ ಮನೆ ಹದಿನೆಂಟು — ಹುಣ್ಣು ಒಂದರಲ್ಲಿ. ಒಂಟಿ ವಿಧವೆ ಹುಚ್ಚಮ್ಮನದು.

ಪಟೇಲ ಸಿದ್ದಬಸಪ್ಪ ನಕ್ಕರು. "ನೀರಲ್ಲ ಸ್ವಾಮಿ, ಅವಳ ಕಣ್ಣು. ಮೊದ್ಲು ಅವಳಿಗೇ ಬಂತು, ಆಮೇಲೆ ಊರಿಗೆಲ್ಲ."

10 ಏಪ್ರಿಲ್

ನಮ್ಮ ಡಾಕ್ಟರಿಗೆ ಲೆಕ್ಕದ ಹಾಳೆ ತೋರಿಸಿದೆ. "ಒಂದು ಮನೆ ತಾನೇ, ಬಿಟ್ಟು ಬರೀರಿ." ರಬ್ಬರ್ ಕೈಗೆತ್ತಿಕೊಂಡೆ... ಅಳಿಸಲಾಗಲಿಲ್ಲ.

12 ಏಪ್ರಿಲ್

ಮತ್ತೆ ಹುಚ್ಚಮ್ಮನ ಮನೆ. ಕಾಲು ಊದಿದೆ. "ಯಾವಾಗಲೂ ಸೇದೋ ಬಾವಿ ನೀರೇನಾ, ಅಮ್ಮ?"

"ಈಗ ಹೂಂ."

"ಹೋದ ವರ್ಷ?"

ಸೆರಗಿನಿಂದ ಕಾಲು ಮುಚ್ಚಿಕೊಂಡರು. "ಪಟೇಲ್ರ ಹಸ ಸತ್ತಿತ್ತು ಬುದ್ದಿ. ನನ್ನ ಕಣ್ಣು ಬಿತ್ತಂತೆ. ಸೇದೋ ಬಾವಿ ತಾವ ಬರಬ್ಯಾಡ ಅಂದ್ರು. ಎರಡು ತಿಂಗ್ಳು ಮೆಟ್ಲುಬಾವಿ ನೀರೇ ಕುಡ್ದೆ. ಹೇಳ್ಕೊಳಕ್ಕೆ ನಾಚ್ಕೆ."

ಹುಣ್ಣಿನ ಕಾಲು ಅದ್ದಿದ ನೀರು ಕುಡಿದು ವರ್ಷ ಕಳೆದ ಮೇಲೆ ಹುಳು ಹೊರಬರುವುದು. ಗೊತ್ತಿದ್ದೂ ಮನೆಮನೆಯಲ್ಲಿ ಈ ವರ್ಷದ ನೀರನ್ನೇ ಕೇಳಿದ್ದೇನೆ. ಛೆ!

17 ಏಪ್ರಿಲ್

ಐವತ್ತೊಂಬತ್ತು ಮನೆಯೂ ಮತ್ತೊಮ್ಮೆ. ಹೋದ ವರ್ಷವೂ ಸೇದುವ ಬಾವಿಯ ನೀರನ್ನಷ್ಟೇ ಕುಡಿದವರಲ್ಲಿ ಹುಣ್ಣು — ಸೊನ್ನೆ.

ಹುಚ್ಚಮ್ಮನನ್ನು ಕೇಳಿಯೇ ಊರಿನವರ ಮುಂದೆ ಎಲ್ಲ ಹೇಳಿದೆ. ಸಿದ್ದಬಸಪ್ಪ ತಲೆ ತಗ್ಗಿಸಿದರು. "ಬರಬ್ಯಾಡ ಅಂದೋನು ನಾನೇ."

30 ಮೇ

ಮೆಟ್ಟಿಲುಬಾವಿಯ ಮೆಟ್ಟಿಲು ಮುಚ್ಚಿ ಕಟ್ಟೆ ಕಟ್ಟಿದರು. ರಾಟೆ ಬಂತು. ಪಟೇಲರೇ ನಿಂತು ಮಾಡಿಸಿದರು. ಹುಚ್ಚಮ್ಮನ ಮನೆ ಕಡೆ ಮಾತ್ರ ಹೋಗಲಿಲ್ಲ.

22 ಏಪ್ರಿಲ್ 1935

ಹತ್ತೊಂಬತ್ತು ಮನೆಯಲ್ಲಿ ಹುಣ್ಣು. "ಕಟ್ಟೆ ಕಟ್ಟಿದ್ರೂ ಬಂತಲ್ಲ ಸ್ವಾಮಿ?" ಕಟ್ಟೆಗೆ ಮೊದಲು ಕುಡಿದ ನೀರಿನದು ಅಂದೆ. ನಂಬಿದವರು ಕಡಿಮೆ. ಹುಚ್ಚಮ್ಮ ಗದರಿಸಿದರು — "ಇನ್ನೊಂದ್ ವರ್ಸ ಕಾಯ್ರಲಾ!"

20 ಏಪ್ರಿಲ್ 1936

ಐವತ್ತೆಂಟು ಮನೆ ಮುಗಿಯಿತು. ಒಂದೂ ಇಲ್ಲ! ಉಳಿದದ್ದು ಹುಚ್ಚಮ್ಮನದು. "ನಾನೂ ಬತ್ತೀನಿ" ಅಂದರು ಪಟೇಲರು. "ಒಂದು ಮಾತು ಬಾಕಿ ಐತೆ."

ಹುಚ್ಚಮ್ಮನ ಕಾಲಲ್ಲೂ ಹುಣ್ಣಿಲ್ಲ. ಪಟೇಲರು ಪೇಟ ತೆಗೆದು ಹೊಸ್ತಿಲಾಚೆಯೇ ನಿಂತರು. ಪೇಟವನ್ನು ಹೊಸ್ತಿಲ ಮೇಲಿಟ್ಟು ಕೈ ಮುಗಿದರು. ಹುಚ್ಚಮ್ಮ ಒಳಗೆ ಹೋಗಿ ಒಂದು ಚೊಂಬು ನೀರು ತಂದು ಮುಂದಿಟ್ಟರು. ಪಟೇಲರು ಎರಡೂ ಕೈಯಲ್ಲಿ ಎತ್ತಿಕೊಂಡು ಪೂರ್ತಿ ಕುಡಿದರು.