ಫ್ರೀಯಾಗಿ ಸಿಗುವ ಅಪ್ಪ

ಸಿಂದಗಿ ಬಸ್ ಸ್ಟ್ಯಾಂಡಿನ ಧ್ವನಿಯಾಗಿದ್ದ ನನ್ನ ಅಪ್ಪನಿಗೆ, ನಿನ್ನ ಮಗಳು ಸವಿತಾ ಬರೆಯುತ್ತಿದ್ದೇನೆ.

ಹೋದ ವಾರ ಮುದ್ದೇಬಿಹಾಳದಲ್ಲಿ ಒಂದು ಬಟ್ಟೆ ಅಂಗಡಿಯ ಉದ್ಘಾಟನೆಗೆ ನೀನು ಶುಭ ಹಾರೈಸಿದೆ. ಅದಕ್ಕೂ ಮೊದಲು ಬಸವನ ಬಾಗೇವಾಡಿಯಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಆಶೀರ್ವಾದ ಮಾಡಿದೆ. ನೀನು ತೀರಿಕೊಂಡು ಎರಡನೆಯ ವರ್ಷ ನಡೆದಿದೆ ಅಪ್ಪಾ. ನಿನ್ನ ಮಣ್ಣಿಗೆ ಬಂದು ಅತ್ತವರೇ ಈಗ ಮೊಬೈಲ್ ತೋರಿಸಿ, “ನಿಮ್ಮ ಅಪ್ಪಾರು ಭಾಳ ಛಲೋ ಮಾತಾಡ್ಯಾರ ನೋಡ್ರಿ” ಎನ್ನುತ್ತಾರೆ. ಅವರಿಗೆ ಏನು ಹೇಳಲಿ? ಇದೆಲ್ಲ ನಿನ್ನ ಮುಖದಲ್ಲಿ, ನಿನ್ನ ದನಿಯಲ್ಲಿ ನಡೆಯುತ್ತಿದೆ. ಊರಿಗೆಲ್ಲ ಗೊತ್ತಾಗಿ ನಿನಗೊಬ್ಬನಿಗೆ ಗೊತ್ತಾಗದಿದ್ದರೆ ಹೇಗೆ?

ಚಿಕ್ಕವಳಿದ್ದಾಗ ನಿನಗೆ ಬುತ್ತಿ ಕೊಡಲು ಬಸ್ ಸ್ಟ್ಯಾಂಡಿಗೆ ಬರುತ್ತಿದ್ದುದು ನೆನಪಿದೆಯೇ? ಕಿಟಕಿಯ ಹಿಂದೆ ಮೈಕಿನ ಮುಂದೆ ಕೂತು ನೀನು “ಇಂಡಿ, ಚಡಚಣ ಕಡೆಗೆ ಹೋಗುವ ಪ್ರಯಾಣಿಕರ ಗಮನಕ್ಕೆ” ಎಂದರೆ ಕಡಲೆ ಮಾರುವವರೂ ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಮೈಕ್ ಬಂದ್ ಮಾಡಿದ ಕೂಡಲೇ ನಿನ್ನ ಮಾತೇ ಬೇರೆ. “ಏನ ತಂದೀಯವ್ವಾ? ಬದನಿಕಾಯಿ ಪಲ್ಯಾ ಐತೇನ?” ಮನೆಗೆ ಬಂದ ಮೇಲಂತೂ ಅವ್ವನ ಮೇಲೆ ಕೂಗಾಟ, ಬೈಗುಳ, ಅದರ ನಡುವೆಯೇ ನಗು. ನಿನಗೆ ಎರಡು ಭಾಷೆ ಇದ್ದವು. ಒಂದು ತಾಲ್ಲೂಕಿಗೆ, ಒಂದು ನಮಗೆ.

ನಾನು ಎಡಿಟಿಂಗ್ ಕಲಿತು ಬಸ್ ಸ್ಟ್ಯಾಂಡಿನ ಎದುರಿನ ಗಲ್ಲಿಯಲ್ಲಿ ಸ್ಟುಡಿಯೋ ತೆಗೆದಾಗ ನೀನು ದಿನಾ ಮಧ್ಯಾಹ್ನ ಬಂದು ನನ್ನ ಹಿಂದಿನ ಕುರ್ಚಿಯಲ್ಲಿ ಕೂಡುತ್ತಿದ್ದೆ. ಮದುವೆಯ ಹುಡುಗ ಹುಡುಗಿಯ ಫೋಟೋ ಹಾಕಿದರೆ ಗುಲಾಬಿ ಎಸಳು ಉದುರುತ್ತಿದ್ದವು, ಹೆಸರು ಬಂಗಾರದ ಅಕ್ಷರವಾಗಿ ತಿರುಗಿ ನಿಲ್ಲುತ್ತಿತ್ತು. “ಇಷ್ಟು ಲಗೂ ಹೆಂಗ ಮಾಡಿದಿ?” ಎಂದು ನೀನು ಕೇಳಿದೆ. ಟೆಂಪ್ಲೇಟ್ ಎಂದರೆ ಯಾರೋ ಮೊದಲೇ ಮಾಡಿಟ್ಟ ಅಚ್ಚು, ನಾವು ಹೆಸರು ಫೋಟೋ ತುಂಬಿದರೆ ಸಾಕು, ಫ್ರೀ ಸಿಗುತ್ತದೆ ಎಂದು ನಾನು ಹೇಳಿದೆ. ನೀನು ಬಹಳ ಹೊತ್ತು ಎಸಳು ಉದುರುವುದನ್ನೇ ನೋಡಿದೆ.

“ಫ್ರೀ ಅಂದ್ರ ಅವ್ರಿಗೇನ ಸಿಗತೈತಿ?”

“ಏನೂ ಇಲ್ಲಪ್ಪಾ. ಸುಮ್ನ ಕೊಡ್ತಾರ.”

“ಸುಮ್ನ ಯಾರೂ ಕೊಡೂದಿಲ್ಲವ್ವಾ,” ಎಂದು ನೀನು ಚಹಾ ತರಿಸಿದೆ. ನಾನು ನಕ್ಕೆ. ಆ ಮಾತನ್ನು ಆಗಲೇ ಇನ್ನೊಂದಿಷ್ಟು ಮುಂದುವರಿಸಿದ್ದರೆ…

ನಿನ್ನ ಮೊದಲ ವರ್ಷದ ಪುಣ್ಯಸ್ಮರಣೆಗೆ ಪ್ರಕಾಶಣ್ಣ ಮುದ್ದೇಬಿಹಾಳದಿಂದ ಬಂದ. ಮಾಸ್ತರನಾಗಿ ಸಾಲಿಯಲ್ಲಿ ಮಕ್ಕಳಿಗೆ ಪಾಠದ ವಿಡಿಯೋ ಮಾಡಿ ಮಾಡಿ ಅವನಿಗೂ ಇದರ ರುಚಿ ಹತ್ತಿತ್ತು. ಒಂದು ಸೈಟಿನಲ್ಲಿ ಫೋಟೋ ಹಾಕಿದರೆ ಸತ್ತವರು ಕಣ್ಣು ಮಿಟುಕಿಸುತ್ತಾರೆ, ದನಿ ಕೊಟ್ಟರೆ ನಾವು ಬರೆದ ಮಾತನ್ನು ಆಡುತ್ತಾರೆ, ಅದೂ ಫ್ರೀ ಎಂದ. ನೀನು ನಿವೃತ್ತಿಯಾದ ದಿನದ ಕೊನೆಯ ಅನೌನ್ಸ್‌ಮೆಂಟನ್ನು ನಾನು ಮೊಬೈಲಿನಲ್ಲಿ ಹಿಡಿದಿದ್ದೆನಲ್ಲ, ಅದನ್ನೇ ಕೊಟ್ಟೆವು. ಫೋಟೋ ಅವ್ವನೇ ಆರಿಸಿದಳು, ಜರಿ ರುಮಾಲಿನದು. ಊಟಕ್ಕೆ ಬಂದ ಬೀಗರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಟಿವಿಯಲ್ಲಿ ನೀನು ಕಣ್ಣು ಮಿಟುಕಿಸಿದೆ, ತುಸು ನಕ್ಕೆ, “ಎಲ್ಲರೂ ಸುಖವಾಗಿರಿ” ಎಂದೆ. ಅವ್ವ ಮೆಲ್ಲಗೆ, “ಇನ್ನೊಂದ್ಸಲ ಹಚ್ಚ,” ಎಂದಳು.

ನೀನು ಹೋದಾಗಿನಿಂದ ಅವ್ವ ಶುಗರಿನ ಗುಳಿಗೆ ನೆಟ್ಟಗೆ ತಗೊಳ್ಳುತ್ತಿರಲಿಲ್ಲ. ಹೇಳಿ ಹೇಳಿ ನನಗೆ ಸಾಕಾಗಿತ್ತು. ಆ ದಿನ ಅವಳ ಮುಖ ನೋಡಿದ ಅಣ್ಣನಿಗೆ ಒಂದು ಉಪಾಯ ಹೊಳೆಯಿತು. ಮರುವಾರದಿಂದ ಬೆಳಿಗ್ಗೆ ಅವಳ ಮೊಬೈಲಿಗೆ ನೀನು ಬರತೊಡಗಿದೆ. “ಶಾಂತಾ, ಗುಳಿಗೆ ತೆಗೆದುಕೊಳ್ಳಿ.” ಅವ್ವ ತಗೊಂಡಳು. ಮೂಗು ಮುರಿಯದೆ ತಗೊಂಡಳು. ಶುಗರ್ ಇಳಿಯಿತು, ಡಾಕ್ಟರು ಮೆಚ್ಚಿದರು, ಅಣ್ಣ ನನಗೆ ಫೋನಿನಲ್ಲಿ, “ನೋಡಿದಿಲ್ಲೋ?” ಎಂದು ಬೀಗಿದ. ಆದರೆ ಅವ್ವ ಮೊಬೈಲ್ ತೆಗೆಯುವ ಮೊದಲು ಮುಖ ತೊಳೆದು, ತಲೆ ಬಾಚಿಕೊಂಡು ಕೂಡುತ್ತಿದ್ದಳು. ವಿಡಿಯೋ ಮುಗಿದ ಮೇಲೂ ಮಾತು ನಿಲ್ಲಿಸುತ್ತಿರಲಿಲ್ಲ. ತೊಗರಿ ಬೆಲೆ ಬಿದ್ದಿದೆ, ಪಕ್ಕದ ಮನೆಯ ಗಿರಿಜವ್ವನ ಎಮ್ಮೆ ಈದಿದೆ, ಎಲ್ಲವನ್ನೂ ಆ ಕಪ್ಪು ಗಾಜಿಗೆ ಹೇಳುತ್ತಿದ್ದಳು. ಯಾರಿಗೆ ಹೇಳುತ್ತಿದ್ದಳು ಅಪ್ಪಾ?

ಒಂದು ದಿನ ಇಂಡಿಯಿಂದ ಒಬ್ಬ ಹೆಣ್ಣುಮಗಳು ಸ್ಟುಡಿಯೋಕ್ಕೆ ಬಂದಳು, ಲಿಂಬಿ ವ್ಯಾಪಾರಿಯ ಹೆಂಡತಿ. ಮಗನ ಹುಟ್ಟುಹಬ್ಬದ ವಿಡಿಯೋ ಬೇಕಿತ್ತು. ಎಸಳು, ಬಲೂನು, ಚಿಟ್ಟೆ, ನನ್ನ ಕಡೆ ಇದ್ದುದನ್ನೆಲ್ಲ ತೋರಿಸಿದೆ.

“ಇವು ಬ್ಯಾಡ್ರಿ. ಆ ಅಜ್ಜನ ಟೆಂಪ್ಲೇಟ್ ಹಾಕ್ರಿ.”

“ಯಾವ ಅಜ್ಜ ರೀ?”

ಅವಳು ಮೊಬೈಲ್ ಚಾಚಿದಳು. ಜರಿ ರುಮಾಲು. ಎಡ ಹುಬ್ಬಿನ ಮೇಲಿನ ಗಾಯದ ಗುರುತು. ನೀನು ಕಣ್ಣು ಮಿಟುಕಿಸಿ, ತುಸು ನಕ್ಕು, ಕಲಬುರಗಿಯ ಯಾವುದೋ ಮಗುವಿನ ಹೆಸರು ಹಿಡಿದು ಹರಸಿದೆ. ಕೆಳಗೆ ‘ಅಜ್ಜನ ಆಶೀರ್ವಾದ, ಉಚಿತ’ ಎಂದಿತ್ತು. ನಾನು ಅದನ್ನು ಮತ್ತೊಮ್ಮೆ ಹಚ್ಚಿ ನೋಡಿದೆ. “ಯಾಕ್ರಿ ಅಕ್ಕಾರ, ನಿಮ್ಮ ಕಡೆ ಇಲ್ಲೇನ್ರಿ? ಎಲ್ಲಾರ ಕಡೆ ಐತಲ್ಲ,” ಎಂದಳು ಅವಳು.

ಆ ಸೈಟಿನ ಕರಾರನ್ನು ಅವತ್ತು ಕೂತು ಓದಿದೆ. ಫ್ರೀಯಾಗಿ ಬಳಸುವವರು ಹಾಕಿದ ಮುಖ, ದನಿ ಎಲ್ಲವನ್ನೂ ಅವರು ಬೇರೆಯವರಿಗೂ ಕೊಡಬಹುದು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಿನ್ನನ್ನು ತೆಗೆಯಿರಿ ಎಂದು ಬರೆದೆ. ‘ನಮ್ಮನ್ನು ಸಂಪರ್ಕಿಸಿದ್ದಕ್ಕೆ ಧನ್ಯವಾದ’ ಎಂದು ಉತ್ತರ ಬಂತು. ಮತ್ತೆ ಬರೆದೆ. ಅದೇ ಧನ್ಯವಾದ. ಅಣ್ಣ ಗಾಬರಿಯಾಗಿ ಬೆಳಗಿನ ವಿಡಿಯೋ ಕಳಿಸುವುದನ್ನು ನಿಲ್ಲಿಸಿದ. ಅವ್ವ ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ನಾವೂ ಯೋಚಿಸಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಮೈ ಕೆಂಡವಾಗಿತ್ತು. ಹೊಸ ಚಪ್ಪಲಿ ಕಚ್ಚಿದ ಗಾಯ ಎಂದು ಕೆಲವು ದಿನದಿಂದ ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು, ಬಿಚ್ಚಿದರೆ ಬೆರಳು ಕಪ್ಪಾಗಿದ್ದವು. ಗುಳಿಗೆ ಹುಡುಕಲು ಅಡುಗೆ ಮನೆಗೆ ಓಡಿದೆ. ಗುಳಿಗೆಯ ಪಟ್ಟಿಗಳು ಒಡೆಯದೆ ಹಾಗೇ ಬಿದ್ದಿದ್ದವು. ಅವುಗಳ ಪಕ್ಕದಲ್ಲಿ ಹಸಿರು ಪುಡಿಯ ಪೊಟ್ಟಣಗಳು, ಪೊಟ್ಟಣದ ಮೇಲೆ ನೀನು. ಗಿರಿಜವ್ವ ಬಾಗಿಲಲ್ಲಿ ನಿಂತು ಅಳುತ್ತ, “ನಿಮ್ಮಪ್ಪಾರ ಹೇಳ್ಯಾರಲ್ಲವ್ವಾ ಈ ವಿಡಿಯೋದಾಗ, ಅದಕ್ಕ ನಾನೂ ತರಿಸೇನಿ,” ಎಂದು ಮೊಬೈಲ್ ಕೊಟ್ಟಳು.

ಅದನ್ನು ಕೇಳಿದ ಮೇಲೆ ನನಗೆ ಬಸ್ ಸ್ಟ್ಯಾಂಡಿನ ಮುಂದೆ ಹಾಯುವುದಕ್ಕೂ ಹೆದರಿಕೆ. “ಸಕ್ಕರೆ ಕಾಯಿಲೆ ಇರುವವರ ಗಮನಕ್ಕೆ. ಗುಳಿಗೆಗಳನ್ನು ಇಂದೇ ನಿಲ್ಲಿಸಿ, ಈ ಪುಡಿಯನ್ನು ಸೇವಿಸಿ.” ಅದೇ ಗತ್ತು, ಅದೇ ನಡುವಿನ ನಿಲುಗಡೆ. ಬಸ್ಸು ಎಲ್ಲಿಗೆ ಹೊರಟಿದೆ ಎಂದು ಹೇಳುವ ಹಾಗೆಯೇ ನೀನು ಹೇಳುತ್ತಿದ್ದೆ. ನಲವತ್ತು ಹಳ್ಳಿಯ ಜನ ಆ ದನಿ ನಂಬಿ ಬಸ್ ಹತ್ತಿದವರು. ಇದನ್ನು ನಂಬದೆ ಇರುತ್ತಾರೆಯೇ?

ವಿಜಯಪುರದ ಆಸ್ಪತ್ರೆಯಲ್ಲಿ ಅವ್ವನ ಕಾಲಿನ ಎರಡು ಬೆರಳು ತೆಗೆದರು. ಜೀವ ಉಳಿಯಿತು. ಪ್ರಜ್ಞೆ ಬಂದ ಮಧ್ಯಾಹ್ನ ಅಣ್ಣ ಅವಳ ಮಂಚದ ಕಾಲಿಗೆ ತಲೆ ಹಚ್ಚಿ ಅತ್ತ. “ಅವ್ವಾ, ಅದು ಅಪ್ಪ ಅಲ್ಲ. ಮಿಷನ್ ಮಾಡಿದ್ದದು.”

ಅವ್ವ ಅವನ ತಲೆಯ ಮೇಲೆ ಕೈ ಇಟ್ಟಳು. “ನನಗ ಮೊದಲ ದಿನಾನ ಗೊತ್ತಿತ್ತೋ. ಅವರು ಎಂದಾದ್ರೂ ನನಗ ‘ತೆಗೆದುಕೊಳ್ಳಿ’ ಅಂದಾರೇನ? ‘ನುಂಗತಿಯೋ ಇಲ್ಲೊ’ ಅಂತಿದ್ರು. ಮನ್ಯಾಗ ಮೈಕಿನ ಭಾಷಾ ಯಾರ ಆಡ್ತಾರ?”

“ಮತ್ತ ಆ ಪುಡಿ ಯಾಕ ತಗೊಂಡಿ?” ನಾನು ಸಿಟ್ಟಿನಿಂದಲೇ ಕೇಳಿದೆ.

ಅವಳು ಗೋಡೆಯ ಕಡೆ ತಿರುಗಿದಳು. “ಅವರು ಇದ್ದಾಗ ಒಂದ ಮಾತೂ ಕೇಳಲಿಲ್ಲ ನಾ. ದನಿ ಅವರದ ಇತ್ತಲ್ಲ… ಕೇಳೂನು ಅನಿಸ್ತು.”

ಪೊಲೀಸರಿಗೆ ದೂರು ಕೊಟ್ಟೆವು. ಅವರು ಬರೆದುಕೊಂಡರು, ಪುಡಿಯ ಆ ವಿಡಿಯೋ ತೆಗೆಸಿದರು. ಕೆಲವು ದಿನಕ್ಕೆ ನೀನು ರುಮಾಲಿಲ್ಲದೆ, ಕರಿ ಕೋಟಿನಲ್ಲಿ ಬಂದೆ, ಮೊಣಕಾಲಿನ ಎಣ್ಣೆ ಮಾರಲು. ಚಡಚಣದ ಆಚೆ ಈಗ ಮರಾಠಿಯಲ್ಲೂ ಮಾತಾಡುತ್ತಿದ್ದೀಯಂತೆ. ನಿನಗೆ ಮರಾಠಿ ಎಲ್ಲಿ ಬರುತ್ತಿತ್ತು? ನಾನು ಊರೂರಿನ ಸ್ಟುಡಿಯೋಗಳಿಗೆ ಹೋಗಿ, ಅದು ನಮ್ಮ ಅಪ್ಪ, ಬಳಸಬೇಡಿ ಎಂದು ಕೈ ಮುಗಿದು ಬಂದಿದ್ದೇನೆ. ಇಂಡಿಯವರು ಅಳಿಸಿದರು, ಬಾಗೇವಾಡಿಯವರೂ ಅಳಿಸಿದರು. ಆದರೆ ಅದನ್ನು ಇಳಿಸಿಕೊಂಡ ಮೊಬೈಲುಗಳ ಮನೆ ಮನೆಗೆ ಹೋಗಲಾದೀತೇ?

ಅವ್ವ ಈಗ ಕೋಲು ಹಿಡಿದು ನಡೆಯುತ್ತಾಳೆ, ಗುಳಿಗೆ ತಾನೇ ತಗೊಳ್ಳುತ್ತಾಳೆ. “ನಾ ಹೋದಮ್ಯಾಲ ನನ್ನ ಮುಖ ಯಾವುದರಾಗೂ ಹಾಕಬ್ಯಾಡ,” ಎಂದು ಮಾತು ತಗೊಂಡಿದ್ದಾಳೆ. ಕೊಟ್ಟಿದ್ದೇನೆ. ಅವಳ ಫೋಟೋಗಳನ್ನೆಲ್ಲ ನನ್ನ ಮಿಷನ್ನಿನಿಂದ ತೆಗೆದಿದ್ದೇನೆ.

ನಿನ್ನೆ ಗಿರಿಜವ್ವನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕಿದರು. ಪದ ಹಾಡಲು ಎಲ್ಲರೂ ಅವ್ವನನ್ನೇ ಮುಂದೆ ಮಾಡಿದರು. ಗಿರಿಜವ್ವನ ಸೊಸೆ ವಿಡಿಯೋ ಹಿಡಿಯಲು ಮೊಬೈಲ್ ಎತ್ತಿದಳು. ಅವ್ವ ಕೂಡಲೇ ಸೆರಗನ್ನು ಮುಖದ ತುಂಬ ಎಳೆದುಕೊಂಡು, ಒಳಗಿನಿಂದಲೇ ತೊಟ್ಟಿಲ ಪದ ಹಾಡಿದಳು, ಕೊನೆಯ ನುಡಿಯವರೆಗೆ, ತುಂಬು ದನಿಯಲ್ಲಿ. ಎಷ್ಟು ವರ್ಷದ ಮೇಲೆ ಹಾಡಿದಳು ಅಪ್ಪಾ! ಅರ್ಧ ಹಾಡಿನವರೆಗೆ ನಾನೂ ಮೈಮರೆತಿದ್ದೆ. ಆಮೇಲೆ ಎದ್ದು ಹೋಗಿ ಆ ಸೊಸೆಯ ಕೈ ಹಿಡಿದೆ.

“ತಂಗೀ, ಅದನ್ನ ಅಳಸವ್ವಾ.”

“ಯಾಕ್ರಿ ಅಕ್ಕಾ, ಮುಖ ಬಂದೇ ಇಲ್ಲಲ್ರಿ,” ಎಂದು ಅವಳು ನಕ್ಕಳು. “ದನಿ ಅಷ್ಟ ಬಂದೈತಿ. ಆಗಲೇ ಎಲ್ಲಾರಿಗೂ ಕಳಿಸೇನಿ.”

ನಿನ್ನ,
ಸವಿತಾ